ಹಿರೇಗುಡ್ಡದ ಗುಳಿ, ಗಾಯ್ತೊಂಡೆಯ ಬಣ್ಣ

ಅಮೂರ್ತ ಚಿತ್ರ ಅಂದ ಕೂಡಲೇ ನಮ್ಮ ಗೆಳೆಯರು ಮೂಗು ಮುರೀತಾರೆ. ಹೊಟ್ಟೆ ತುಂಬಿದವರ ಆಟ ಅಂತಾರೆ. ಅವರ ಸಿಟ್ಟಿಗೆ ಕಾರಣ ಐತಿ. ವಿ.ಎಸ್. ಗಾಯ್ತೊಂಡೆ 1995ರಲ್ಲಿ ಮಾಡಿದ, ಹೆಸರೇ ಇಡದ ಒಂದು ಚಿತ್ರ 2015ರಲ್ಲಿ ಮುಂಬೈಯ ಹರಾಜಿನಲ್ಲಿ 29 ಕೋಟಿ ರೂಪಾಯಿ ದಾಟಿತು. ಆಕಾರ, ಬಣ್ಣ, ಇರವು ಇಷ್ಟನ್ನೇ ನೋಡಿ ಅಂತಾರೆ ವಿಮರ್ಶಕರು. ಯಾರ ಇರವು ಅಂತ ಕೇಳಿದರೆ ಮಾತಿಲ್ಲ.

ಈ ಪ್ರಶ್ನೆ ಹೊತ್ತುಕೊಂಡೇ ಬಳ್ಳಾರಿ ಮಗ್ಗುಲಿನ ಸಂಗನಕಲ್ಲಿಗೆ ಬನ್ನಿ. ಹಿರೇಗುಡ್ಡದ ಮೇಲೆ ಕರಿಗಲ್ಲಿನ, ಅಂದರೆ ಡೋಲರೈಟಿನ, ಒಂದು ಪಟ್ಟಿ ಹಾದಿದೆ. ಹೊಸ ಶಿಲಾಯುಗದ ಜನ ಈ ಕಲ್ಲು ಒಡೆದು ಕೊಡಲಿ ಮಾಡಿದರು. ಇಲ್ಲೇ ದನ ಸಾಕಿದರು. ಈ ಬಂಡೆಗಳ ಮೇಲೆಯೇ ಚಿತ್ರ ಕುಟ್ಟಿದರು. ಉದ್ದ ಕೊಂಬಿನ, ಡುಬ್ಬದ ಗೂಳಿಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಜೊತೆಗೆ ಬರೀ ಗುಳಿಗಳಿವೆ, ಗೀರುಗಳಿವೆ, ಯಾವ ಪ್ರಾಣಿಯೂ ಅಲ್ಲದ ಆಕಾರಗಳಿವೆ. ಅವುಗಳ ಮುಂದೆ ಯಾರೂ ನಿಲ್ಲೋದಿಲ್ಲ.

ಕಲ್ಲು ಒಡೆದೇ ಬದುಕಿದ ಹಿರಿಯರೊಬ್ಬರನ್ನು ಕರಕೊಂಡು ಹೋಗಿದ್ದೆ. ಅವರು ನಿಂತರು. ಗುಳಿಯಲ್ಲಿ ಬೆರಳಾಡಿಸಿ, "ಇದು ಬರದಿದ್ದಲ್ಲಪಾ, ಕುಟ್ಟಿದ್ದು. ಒಂದೇ ಜಾಗಕ್ಕ ಭಾಳ ಏಟು ಬಿದ್ದಾವ" ಅಂದರು.

ನನ್ನ ಕಣ್ಣು ತೆರೆದದ್ದು ಆಗ. ಇಲ್ಲಿ ಬಣ್ಣ ಹಚ್ಚಿದ್ದಿಲ್ಲ. ಬಿಸಿಲು ಗಾಳಿಗೆ ಕಪ್ಪುಗಟ್ಟಿದ ಮೈಯನ್ನು ಕುಟ್ಟಿ ತೆಗೆದಾಗ ಒಳಗಿನ ತಿಳಿಬಣ್ಣ ಎದ್ದಿದೆ. ಗಾಯ್ತೊಂಡೆಯೂ ರೋಲರು, ಚಾಕು ಹಿಡಿದು ಬಣ್ಣವನ್ನು ಹಚ್ಚುತ್ತ, ತೆಗೆಯುತ್ತ ಕೂತವರು. ತಮ್ಮದನ್ನು ಅಮೂರ್ತ ಅನ್ನುವುದಕ್ಕೂ ಒಪ್ಪಲಿಲ್ಲ. 2001ರಲ್ಲೇ ತೀರಿಕೊಂಡ ಆ ಮನುಷ್ಯನಿಗೆ ಹರಾಜಿನ ದುಡ್ಡು ಕಟ್ಟಿ, ಕೈಕೆಲಸವನ್ನೂ ಸೇರಿಸಿ ಬಯ್ಯುವುದು ನ್ಯಾಯವಲ್ಲ.

ಇನ್ನು ಇರವಿನ ಮಾತು. ಈ ಗುಡ್ಡದ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ದನಿ ಬರುತ್ತದೆ. ಬಡಿದು ಬಡಿದೇ ಸವೆದ ಗುಳಿಗಳು ಅಲ್ಲಿವೆ. ಅಂಥ ಗುಳಿ ಯಾವುದರ ಚಿತ್ರವೂ ಅಲ್ಲ. ಹೆಸರಿಲ್ಲದ ಒಂದು ಕೈಯ ಹಾಜರಿ ಅದು, ಕೂಲಿ ಪುಸ್ತಕದ ಹೆಬ್ಬೆಟ್ಟಿನಂಥದ್ದು. ಗ್ಯಾಲರಿಯ ಮಾತಿನಲ್ಲಿ ಇಲ್ಲದ್ದು ಈ ಕೈ.

ಈ ಬಂಡೆಗಳ ಸುದ್ದಿ 1892ರಲ್ಲೇ ಅಚ್ಚಾಗಿತ್ತು. ಆಮೇಲೆ ಮರೆತರು. 2004ರಲ್ಲಿ ನಿಕೋಲ್ ಬೊಯ್ವಾನ್ ಮತ್ತೆ ಬರೆಯುವ ಹೊತ್ತಿಗೆ ಕಲ್ಲುಗಣಿ ಪಟ್ಟಿಯ ಒಂದಿಷ್ಟನ್ನು ತಿಂದಿತ್ತು. ಗೂಳಿ ಇರುವ ಬಂಡೆಗೆ ಯಾರಾದರೂ ಅಡ್ಡ ನಿಂತಾರು. ಬರೀ ಗುಳಿ ಇರುವ ಬಂಡೆ ಜಲ್ಲಿಯಾದರೆ ಕೇಳೋರು ಯಾರು? ಸುತ್ತಿಗೆ ಹಿಡಿದವರೂ ನಮ್ಮೋರೇ, ದಿನಗೂಲಿಯವರು.

ಇಳಿಯುವಾಗ ಹಿರಿಯರನ್ನು ಕೇಳಿದೆ: ಇಂಥ ಕಲ್ಲು ನೀವೂ ಒಡೆದೀರೇನು?

"ಒಡದಿರಬೇಕು. ಇದು ಹಿಂಗೈತಿ ಅಂತ ನಮಗ ಯಾರು ಹೇಳಿದ್ರು?"