ಬಾಲವಾರ್ತೆಯೂ ತಿದ್ದುವ ಕೈಯೂ

ಮಕ್ಕಳಿಗಾಗಿ ಹಿರಿಯರು ಬರೆದ ವಾರ್ತೆಯನ್ನೂ ಮಕ್ಕಳೇ ಸಂಗ್ರಹಿಸಿ ಬರೆದ ವಾರ್ತೆಯನ್ನೂ ಬಾಲಸಾಹಿತ್ಯವೆಂಬ ಒಂದೇ ಹೆಸರಿನಿಂದ ಕರೆಯುವ ರೂಢಿಯು ನಮ್ಮಲ್ಲಿ ಬೇರೂರಿದೆ. ಇದು ಪುನರ್ವಿಚಾರಕ್ಕೆ ಅರ್ಹವಾದುದು. ಮೊದಲನೆಯದರಲ್ಲಿ ಬಾಲಕನು ಕೇಳತಕ್ಕವನು. ಎರಡನೆಯದರಲ್ಲಿ ಯಾವುದು ವಾರ್ತೆಯೆಂಬುದನ್ನು ನಿರ್ಣಯಿಸತಕ್ಕವನು.

ಶಿವರಾಮ ಕಾರಂತರ ‘ಬಾಲಪ್ರಪಂಚ’ವು (1936) ಕನ್ನಡದ ಮಕ್ಕಳಿಗೆ ಮಾಡಿದ ಉಪಕಾರವು ಅಲ್ಪವಲ್ಲ, ಆದರೆ ಅಲ್ಲಿ ಅರಿವು ಹಿರಿಯರಿಂದ ಕಿರಿಯರಿಗೆ ಇಳಿದುಬರುವುದು. ಮಕ್ಕಳ ಮಾಸಪತ್ರಿಕೆಗಳು ಓದುಗರಿಗೆ ಬಿಟ್ಟುಕೊಟ್ಟ ಎಡೆಯೂ ಬಹುಮಟ್ಟಿಗೆ ಒಗಟು, ನಗೆಹನಿ, ಚಿತ್ರಗಳಷ್ಟೆ. ಈ ಕ್ರಮಕ್ಕೆ ಹೊರತಾದುದು ದುಡಿಯುವ ಮಕ್ಕಳಿಗಾಗಿ ಕನ್ನಡದಲ್ಲಿ ಹೊರಟ ‘ಭೀಮ ಪತ್ರಿಕೆ’ ಎಂಬ ಗೋಡೆಪತ್ರಿಕೆ. 1990ರಲ್ಲಿ ಕಟ್ಟಿದ ದುಡಿಯುವ ಮಕ್ಕಳ ‘ಭೀಮ ಸಂಘ’ದೊಡನೆ ಅದರ ಹೆಸರು ಕೂಡಿಕೊಂಡಿದೆ. ಗೋಡೆಯ ಮೇಲಣ ಹಾಳೆಯನ್ನು ಯಾರೂ ಕೊಳ್ಳಬೇಕಾಗಿಲ್ಲ. ಓದಬಾರದವನಿಗೆ ಪಕ್ಕದವನು ಓದಿ ಹೇಳಬಲ್ಲನು.

ಪರದೇಶಗಳಲ್ಲಿ ಇದಕ್ಕೆ ಹಿರಿಯ ನಿದರ್ಶನವುಂಟು. ವಾರ್ಸಾ ನಗರದಲ್ಲಿ ಯಾನುಷ್ ಕೊರ್ಚಾಕ್ ಎಂಬ ವೈದ್ಯನು 1926ರಲ್ಲಿ ದಿನಪತ್ರಿಕೆಯೊಂದರ ವಾರದ ಪುರವಣಿಯಾಗಿ ಮಕ್ಕಳ ಪತ್ರಿಕೆಯನ್ನು ಆರಂಭಿಸಿದನು. ಮಕ್ಕಳು ಬರೆದುದೇ ಅದರ ಒಡಲು. 1939ರ ಯುದ್ಧದೊಡನೆ ಅದು ನಿಂತಿತು. ದೆಹಲಿಯ ಬೀದಿಮಕ್ಕಳು 2003ರಲ್ಲಿ ತೊಡಗಿದ ‘ಬಾಲಕನಾಮಾ’ದಲ್ಲಿ, ಬರೆಯಲಾರದ ಮಕ್ಕಳು ಬಾಯಲ್ಲಿ ಹೇಳಿದುದನ್ನು ಬರೆಯಬಲ್ಲ ಮಕ್ಕಳು ಬರೆದುಕೊಳ್ಳುವ ಪದ್ಧತಿಯು ಬೆಳೆಯಿತು.

ನಿಜವಾದ ತೊಡಕು ಇಲ್ಲಿಯೇ ಇರುವುದು. ಹೇಳುವ ಬಾಯಿಗೂ ಬರೆಯುವ ಕೈಗೂ ನಡುವೆ ಏನು ಕಳೆದುಹೋಗುವುದು? ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದ ಹುಡುಗನೊಬ್ಬನು ಶಾಲೆಯ ಗೋಡೆಪತ್ರಿಕೆಗೆ “ನಮ್ಮೂರ್ ಕೆರೆಗೆ ನೀರ್ ಬಂದದೆ” ಎಂದು ಬರೆದನೆನ್ನೋಣ. ಉಪಾಧ್ಯಾಯರು ಅದನ್ನು “ನಮ್ಮ ಗ್ರಾಮದ ತಟಾಕವು ಜಲದಿಂದ ತುಂಬಿರುವುದು” ಎಂದು ತಿದ್ದುವರು. (ಪಂಡಿತರ ಲೇಖನಿಗೆ ಈ ಚಾಪಲ್ಯವು ಸಹಜ!) ಆದರೆ ನೀರು ಬಂದಿತ್ತೇ ಹೊರತು ಕೆರೆ ತುಂಬಿರಲಿಲ್ಲ. ಭಾಷೆ ಶುದ್ಧವಾಯಿತು, ವಾರ್ತೆ ಸುಳ್ಳಾಯಿತು. ಕಾಗುಣಿತವನ್ನು ತಿದ್ದುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಕ್ರಿಯಾಪದವನ್ನು ಮುಟ್ಟುವ ಮೊದಲು ಹುಡುಗನನ್ನು ಕೇಳತಕ್ಕದ್ದು.

ಮಕ್ಕಳ ಮಾತಿಗೆ ಪ್ರಾಮಾಣ್ಯವೆಲ್ಲಿಯದು ಎಂಬ ಪ್ರಶ್ನೆಯು ನ್ಯಾಯವಾದುದೇ. ಆದರೆ ಅದೇ ಪ್ರಶ್ನೆಯನ್ನು ಹಿರಿಯ ವರದಿಗಾರರಿಗೂ ಕೇಳಬೇಕಲ್ಲವೆ? ಅದಕ್ಕಿಂತ ಗಹನವಾದುದು ಸ್ಥಳದ ವಿಚಾರ. ಆಲೆಮನೆಯಲ್ಲಿ ದುಡಿಯಲು ಹೋದ ಸಹಪಾಠಿಯು ಶಾಲೆ ಬಿಟ್ಟ ಸಂಗತಿಯನ್ನು ಮಕ್ಕಳು ಬರೆಯಬಹುದು. ಮಧ್ಯಾಹ್ನದ ಊಟ ಹಳಸಿದ ಸಂಗತಿಯನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೋಡೆಯ ಮೇಲೆ ಯಾವ ಮಗುವು ಅಂಟಿಸೀತು? ಗೋಡೆಯ ಒಡೆಯನು ಯಾರೆಂಬುದರ ಮೇಲೆ ಪತ್ರಿಕೆಯ ಹುರುಳು ನಿಂತಿದೆ. ಈ ಬಗೆಯ ಬರವಣಿಗೆಯನ್ನು ಅಳೆಯುವಾಗ ನಮ್ಮ ವಿಮರ್ಶಕರು ಶೈಲಿಗಿಂತ ಮೊದಲು ಆ ಗೋಡೆಯನ್ನು ನೋಡಲಿ.