ನಲವತ್ತು ಕಳ್ಳರ ನಡುವೆ ಕಾಣದ ಅಂಗಡಿಯವನು

ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕಚೇರಿಯೊಂದು 2022ರಲ್ಲಿ ಹೊರತಂದ ‘ರಾಜು ಆ್ಯಂಡ್ ದಿ ಫಾರ್ಟಿ ಥೀವ್ಸ್’ ಎಂಬ ಚಿತ್ರಪುಸ್ತಿಕೆಯನ್ನು ಮೆಚ್ಚದವರು ಕಡಿಮೆ. ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ‘ಬಿ-ಅವೇರ್’ ಪುಸ್ತಿಕೆಯೂ ಇದೇ ಜಾಡಿನದು. ಬ್ಯಾಂಕುಗಳ ಅರಿವು ಶಿಬಿರ, ಕಾಲೇಜಿನ ಉಪನ್ಯಾಸ, ಸ್ವಸಹಾಯ ಸಂಘಗಳ ಸಭೆ ಎಲ್ಲೇ ಆಗಲಿ, ಆನ್‌ಲೈನ್ ಖರೀದಿಯಲ್ಲಿ ಎಚ್ಚರದಿಂದಿರುವುದು ಹೇಗೆ ಎಂಬ ಮಾತು ಬಂದರೆ ಈ ಎರಡರ ಸಾರವೇ ಹೊರಬರುತ್ತದೆ. ಈ ಹೆಸರು ಅವುಗಳ ಯೋಗ್ಯತೆಗಿಂತ ದೊಡ್ಡದು ಎಂದು ನನಗೆ ಖಚಿತವಾಗಿ ಅನಿಸಿದೆ. ಕೊಳ್ಳುವವರಿಗೆ ಅವು ಭಯವನ್ನು ಕಲಿಸಿವೆ, ವಿವೇಕವನ್ನು ಕಲಿಸಿಲ್ಲ.

ಗುಣಗಳನ್ನು ಮೊದಲೇ ಹೇಳಿಬಿಡುತ್ತೇನೆ. ಭಾಷೆ ಸರಳವಾಗಿದೆ. ಒಂದೊಂದು ಮೋಸಕ್ಕೆ ಒಂದೊಂದು ಕಥೆ, ಕಥೆಯ ಕೊನೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬ ಪಟ್ಟಿ. ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ ‘ಕಸ್ಟಮರ್ ಕೇರ್’ ನಂಬರನ್ನು ನಂಬಬೇಡಿ ಎಂಬ ಎಚ್ಚರಿಕೆ ಎಷ್ಟೋ ಮನೆಗಳ ದುಡ್ಡು ಉಳಿಸಿರಬಹುದು. ಅಷ್ಟರ ಮಟ್ಟಿಗೆ ಪುಸ್ತಿಕೆಗೆ ನಮಸ್ಕಾರ.

ಈಗ ಒಂದು ಭಾಗವನ್ನು ನಿಧಾನವಾಗಿ ಓದೋಣ. ಆನ್‌ಲೈನ್ ಮಾರಾಟ ತಾಣಗಳ ಮೋಸ ಎರಡೂ ಪುಸ್ತಿಕೆಗಳಲ್ಲಿದೆ. ‘ಬಿ-ಅವೇರ್’ ವಿವರಿಸುವಂತೆ, ಯಾರೋ ಹಳೆಯ ವಸ್ತುವೊಂದನ್ನು ಮಾರಾಟಕ್ಕಿಡುತ್ತಾರೆ. ಕೊಳ್ಳುವ ಸೋಗಿನಲ್ಲಿ ಒಬ್ಬ ಫೋನ್ ಮಾಡುತ್ತಾನೆ. ನಂಬಿಕೆ ಗಳಿಸಲು ತಾನು ಸೈನ್ಯದವನು, ದೂರದ ಗಡಿಯಲ್ಲಿದ್ದೇನೆ ಎನ್ನುತ್ತಾನೆ. ಮನೆಮನೆಯಲ್ಲೂ ಸೈನಿಕರಿರುವ ಕೊಡಗಿನಲ್ಲಿ ಈ ಸೋಗು ಎಷ್ಟು ಸುಲಭವಾಗಿ ನಾಟುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅವನು ಹಣ ಕಳಿಸುವ ಬದಲು ಯುಪಿಐ ಆ್ಯಪ್‌ನಲ್ಲಿ ಹಣ ಕೇಳುವ ಕೋರಿಕೆಯನ್ನು ಕಳಿಸುತ್ತಾನೆ. ಮಾರುವವರು ಪಿನ್ ಒತ್ತುತ್ತಾರೆ, ಹಣ ಹೋಗುತ್ತದೆ. ಕೊನೆಯ ಪಾಠ ಇಷ್ಟೆ: ಹಣ ಪಡೆಯಲು ಪಿನ್ ಬೇಕಿಲ್ಲ, ನೆನಪಿಡಿ.

ಪಾಠ ಸರಿಯಾಗಿದೆ. ಆದರೆ ಈ ಕಥೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಬೇಕು. ಕಳ್ಳ ಇದ್ದಾನೆ, ಮೋಸ ಹೋದವನಿದ್ದಾನೆ. ಜಾಹೀರಾತು ಹಾಕಿಸಿಕೊಂಡ ತಾಣ ಇಲ್ಲ. ಕಳ್ಳನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕು ಇಲ್ಲ. ‘ನಿಮಗೆ ಹಣ ಬರುತ್ತಿದೆ’ ಎಂದು ಅವಸರದಲ್ಲಿ ನಂಬಿಬಿಡಬಹುದಾದ ಕೋರಿಕೆಯನ್ನು ಮುಂದಿಟ್ಟ ಆ್ಯಪ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಪರಿಚಯವೇ ಇಲ್ಲದವನು ಇನ್ನೊಬ್ಬರ ಫೋನಿಗೆ ಇಂಥ ಕೋರಿಕೆ ಕಳಿಸುವ ಸೌಲಭ್ಯ ಯಾಕಿರಬೇಕು ಎಂದು ಪುಸ್ತಿಕೆ ಕೇಳುವುದಿಲ್ಲ. ಮಳೆಗಾಲವೆಂಬಂತೆ ಅದನ್ನು ಒಪ್ಪಿಕೊಂಡು, ಕೊಡೆ ಹಿಡಿಯಿರಿ ಎಂದಷ್ಟೇ ಹೇಳುತ್ತದೆ. ಎಚ್ಚರಿಕೆಯೆಲ್ಲ ಬಳಸುವವನ ತಲೆಗೆ.

ಇದು ಹೀಗೇ ಇರಬೇಕಾಗಿರಲಿಲ್ಲ ಎಂಬುದಕ್ಕೆ ಪುರಾವೆ ಮೂರೂವರೆ ವರ್ಷದ ನಂತರ ಸಿಕ್ಕಿತು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಯುಪಿಐ ಕೋರಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಆ ಒಂದು ದಾರಿಯ ಮಟ್ಟಿಗೆ, ಪುಸ್ತಿಕೆಯ ಕಥೆಗಳಲ್ಲಿ ಮೋಸ ಹೋಗುವ ರಾಜುವಿನ ಎಚ್ಚರಕ್ಕಿಂತ ಒಂದು ಆಜ್ಞೆ ಹೆಚ್ಚು ಕೆಲಸ ಮಾಡಿತು. ಕಾರ್ಡಿನ ವಿವರವನ್ನು ಅಂಗಡಿ ತಾಣಗಳು ಇಟ್ಟುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕು 2022ರ ಅಕ್ಟೋಬರ್‌ನಿಂದ ತಂದ ನಿಯಮವೂ ಇಂಥದ್ದೇ. ಅದೇ ಸಂಸ್ಥೆ ಒಂದು ಕೈಯಲ್ಲಿ ವ್ಯವಸ್ಥೆಯನ್ನು ಸರಿಪಡಿಸುತ್ತದೆ, ಇನ್ನೊಂದು ಕೈಯಲ್ಲಿ ತಪ್ಪೆಲ್ಲ ರಾಜುವಿನದು ಎಂಬ ಪುಸ್ತಿಕೆ ಹಂಚುತ್ತದೆ.

ಈ ಬರವಣಿಗೆಯ ಧಾಟಿಯನ್ನು ನಾನು ಇಷ್ಟು ಎಳೆದು ನೋಡುವುದಕ್ಕೆ ಕಾರಣವಿದೆ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕ ನಷ್ಟ ಹೊರಬೇಕಿಲ್ಲ. ಗ್ರಾಹಕನೇ ಅಜಾಗರೂಕತೆಯಿಂದ ಗುಟ್ಟಿನ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಹೀಗಾಗಿ ‘ಅಜಾಗರೂಕತೆ’ ಯಾವುದು ಎಂಬ ಕಲ್ಪನೆಗೆ ದುಡ್ಡಿನ ಬೆಲೆಯಿದೆ. ನಲವತ್ತು ಸಲ ರಾಜುವನ್ನು ಪೆದ್ದನಾಗಿ ತೋರಿಸಿದ ಮೇಲೆ, ಬ್ಯಾಂಕಿನ ಕೌಂಟರಿನಲ್ಲಿ ನಿಂತ ಹಿರಿಯ ಹೆಂಗಸನ್ನು ಕಂಡ ಕೂಡಲೇ ಅಲ್ಲಿಯವರ ಬಾಯಲ್ಲಿ ಮೊದಲು ಬರುವ ಮಾತು ‘ಪಿನ್ ಯಾಕೆ ಒತ್ತಿದಿರಿ’ ಎಂಬುದೇ. ಪುಸ್ತಿಕೆ ಬರೆದವರ ಉದ್ದೇಶ ಅದಲ್ಲದಿರಬಹುದು. ಆದರೆ ಪರಿಣಾಮ ಅದೇ.

ವಿರಾಜಪೇಟೆಯಲ್ಲಿ ಕೂತು ಓದುವವರಿಗೆ ಇನ್ನೊಂದು ಕೊರತೆ ಬೇಗ ಕಾಣುತ್ತದೆ. ಇದು ಜೇನಿನ ಊರು. ಕೊಡಗು ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಲ್ಲಿ ಹುಟ್ಟಿದ್ದು ಇಲ್ಲೇ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಪೆಟ್ಟಿಗೆಗಳನ್ನು ಬರಿದು ಮಾಡಿದಾಗ ಕೊಡಗಿಗೂ ದೊಡ್ಡ ಪೆಟ್ಟು ಬಿತ್ತು. ಆದರೂ ಆನ್‌ಲೈನಿನಲ್ಲಿ ‘ಕೂರ್ಗ್’ ಹೆಸರಿನ ಜೇನಿಗೆ ಬರವಿಲ್ಲ. ಕೊಳ್ಳುವವರು ಅಸಲಿ ತಾಣಕ್ಕೇ ಹೋದರು, ಓಟಿಪಿ ಯಾರಿಗೂ ಹೇಳಲಿಲ್ಲ, ಪಾರ್ಸೆಲ್ ಸಮಯಕ್ಕೆ ಬಂತು. ಬಾಟಲಿಯಲ್ಲಿರುವುದು ಸಕ್ಕರೆ ಪಾಕವಾಗಿದ್ದರೂ ರಾಜು ಪುಸ್ತಿಕೆಯ ಲೆಕ್ಕದಲ್ಲಿ ಅವರು ಸುರಕ್ಷಿತರು. ಕಳ್ಳ ಯಾವಾಗಲೂ ಹೊರಗಿನವನು, ಅಂಗಡಿ ಯಾವಾಗಲೂ ಸಾಚಾ ಎಂದು ನಂಬಿಕೊಂಡ ಬರವಣಿಗೆಯಿಂದ ಬೇರೇನನ್ನು ನಿರೀಕ್ಷಿಸಲಿ?

ರಿಸರ್ವ್ ಬ್ಯಾಂಕಿನ ಕೆಲಸ ಹಣ ಕಾಯುವುದು, ಜೇನು ಪರೀಕ್ಷಿಸುವುದಲ್ಲ ಎಂದು ಪುಸ್ತಿಕೆಯ ಅಭಿಮಾನಿಗಳು ಹೇಳಬಹುದು. ಒಪ್ಪೋಣ. ಹಾಗಾದರೆ ಆನ್‌ಲೈನ್ ಶಾಪಿಂಗಿನ ಮೋಸವೆಂದು ಅದರಲ್ಲೊಂದು ಅಧ್ಯಾಯ ಯಾಕಿದೆ? ಶಿಬಿರಗಳಲ್ಲಿ ಇದನ್ನೇ ಸಂಪೂರ್ಣ ಕೈಪಿಡಿಯಂತೆ ಓದಿಸುವುದು ಯಾಕೆ?

ನನಗೆ ಇದಕ್ಕಿಂತ ದೊಡ್ಡ ಜಗಳವಿರುವುದು ಇನ್ನೊಂದು ಗುಂಪಿನ ಜೊತೆ. ಆನ್‌ಲೈನ್ ಸಹವಾಸವೇ ಬೇಡ, ಕಣ್ಣಾರೆ ಕಂಡು, ಮುಟ್ಟಿ, ಮೂಸಿ ಊರಂಗಡಿಯಲ್ಲಿ ಕೊಳ್ಳಿ ಎಂದು ಬರೆಯುವವರು ಅವರು. ಈ ಮಾತು ಕೇಳಲು ಹಿತ. ಊರಿನ ವ್ಯಾಪಾರಿ ಬದುಕಬೇಕು ಎಂಬ ಅದರ ಕಾಳಜಿ ನನ್ನದೂ ಹೌದು. ಆದರೆ ಕಣ್ಣು ಮೂಗು ಸಾಕು ಎಂಬ ವಾದ ನಿಲ್ಲುವುದಿಲ್ಲ. 2017ರಲ್ಲಿ ವಿಯೆಟ್ನಾಂ ಕಾಳುಮೆಣಸನ್ನು ತಂದು ಕೊಡಗಿನ ಮೆಣಸಿನೊಡನೆ ಬೆರೆಸುತ್ತಿದ್ದಾರೆ ಎಂದು ಬೆಳೆಗಾರರು ಸಿಡಿದೆದ್ದದ್ದು ಯಾವ ವೆಬ್‌ಸೈಟಿನ ವಿರುದ್ಧವೂ ಅಲ್ಲ. ವಿವಾದ ಎದ್ದದ್ದು ನಮ್ಮ ಪಕ್ಕದ ಗೋಣಿಕೊಪ್ಪದ ಎಪಿಎಂಸಿ ಅಂಗಳದಲ್ಲಿ. ಆ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಬೇಕಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ 22 ಜೇನಿನ ಮಾದರಿಗಳ ಪೈಕಿ ಎಲ್ಲ ಪರೀಕ್ಷೆಗಳನ್ನೂ ದಾಟಿದ್ದು 5 ಮಾತ್ರ. ಕಂಪನಿಗಳು ಅದನ್ನು ಅಲ್ಲಗಳೆದವು. ಆದರೆ ವರದಿಯ ಮುಖ್ಯ ಮಾತು ಉಳಿಯುತ್ತದೆ: ಮಾಮೂಲಿ ಪರೀಕ್ಷೆಯನ್ನೇ ದಾಟುವ ಪಾಕವನ್ನು ನಾಲಿಗೆ ಹಿಡಿಯಲಾರದು.

ಜೊತೆಗೆ, ಇಲ್ಲಿಯ ಬದುಕಿಗೆ ಆನ್‌ಲೈನ್ ಕೇವಲ ಶೋಕಿಯಲ್ಲ. ಕಳೆ ಕತ್ತರಿಸುವ ಯಂತ್ರದ ಬಿಡಿಭಾಗಕ್ಕೋ ಮಕ್ಕಳ ಪರೀಕ್ಷಾ ಪುಸ್ತಕಕ್ಕೋ ಮೈಸೂರಿಗೆ ಬಸ್ಸು ಹತ್ತುವುದು ತಪ್ಪಿದೆ. ಮನೆಯಲ್ಲಿ ಕಾಚಂಪುಳಿ ಎಂಬ ಹುಳಿರಸ ಕಾಯಿಸುವ, ಕಾಫಿಪುಡಿ ಮಾಡುವ ಹೆಂಗಸರಿಗೆ ದೂರದ ಊರಿನ ಗಿರಾಕಿ ಸಿಗುತ್ತಿರುವುದೂ ಈ ದಾರಿಯಲ್ಲೇ. ಅದನ್ನು ಮುಚ್ಚಿ ಎನ್ನುವವರು ಯಾರ ಪರ ಮಾತಾಡುತ್ತಿದ್ದಾರೆ ಎಂದು ಯೋಚಿಸಲಿ. ಹಿಂದೆ ಸಹಕಾರ ಸಂಘದ ಬಾಟಲಿಯನ್ನು ಜನ ನಂಬಿದ್ದು ಮೂಸಿ ನೋಡಿ ಅಲ್ಲ. ಕೆಟ್ಟರೆ ಕೇಳಲು ಒಂದು ವಿಳಾಸ, ಉತ್ತರಿಸಲು ಒಬ್ಬ ಮನುಷ್ಯ ಇದ್ದ ಕಾರಣ. ಆ ಹೊಣೆಯನ್ನು ಪರದೆಯ ಮೇಲೂ ಕೇಳಿ ಪಡೆಯಬಹುದು, ಕಾನೂನು ಅದನ್ನು ಕೊಟ್ಟಿದೆ. ಹೇಳಿಕೊಡುವವರು ಮಾತ್ರ ಕಡಿಮೆ.

ವಿವೇಕದ ಖರೀದಿ ಕಲಿಸುವ ಪುಸ್ತಿಕೆ ಮಾರಾಟದ ಪುಟವನ್ನು ಕೆಳಗಿನಿಂದ ಓದಲು ಕಲಿಸಬೇಕು. ಮೇಲೆ ಇರುವುದು ಫೋಟೊ, ನಕ್ಷತ್ರ, ರಿಯಾಯಿತಿ. ಕೆಳಗೆ, ಸಣ್ಣಕ್ಷರದಲ್ಲಿ, ಮಾರುವವರ ಹೆಸರು, ವಿಳಾಸ, ತಯಾರಿಸಿದ ದೇಶ, ತೂಕ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವರ ವಿವರ, ಮೂಲ ದೇಶ, ದೂರು ಅಧಿಕಾರಿಯ ಹೆಸರು ಕಡ್ಡಾಯ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇರಬೇಕು. ಅದನ್ನು ಪ್ರಾಧಿಕಾರದ ತಾಣದಲ್ಲಿ ಹಾಕಿದರೆ ಪರವಾನಗಿ ಯಾರದು ಎಂದು ತಿಳಿಯುತ್ತದೆ. ಮುಖಪುಟದಲ್ಲಿ ‘ಕೂರ್ಗ್’ ಎಂದಿದ್ದು, ಕೆಳಗಿನ ವಿಳಾಸದಲ್ಲಿ ಕೊಡಗಿನ ಸುಳಿವೇ ಇಲ್ಲದಿದ್ದರೆ ಕೊಳ್ಳುವ ಮುನ್ನ ಪ್ರಶ್ನೆ ಕೇಳಬೇಕು. ನಕ್ಷತ್ರಗಳ ಬಗ್ಗೆ ಹೇಳುವುದಾದರೆ, ಗ್ರಾಹಕರ ವಿಮರ್ಶೆಗಳಿಗೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಮಾನದಂಡ ತಂದರೂ ಅದು ಕಡ್ಡಾಯವಲ್ಲ. ‘ಇನ್ನೆರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರುವ ವಸ್ತು, ಕೊನೆಯ ಪುಟದಲ್ಲಿ ಏರುವ ಬೆಲೆ ಸೇರಿದಂತೆ 13 ಬಗೆಯ ತಂತ್ರಗಳನ್ನು 2023ರ ನವೆಂಬರ್‌ನ ಮಾರ್ಗಸೂಚಿ ಹೆಸರಿಸಿ ನಿಷೇಧಿಸಿದೆ. ಇವು ಮುಸುಕು ಹಾಕಿದ ಕಳ್ಳರ ಕೆಲಸವಲ್ಲ, ದೀಪ ಹಾಕಿಕೊಂಡು ಕೂತ ಅಂಗಡಿಗಳ ಕೆಲಸ.

ರಾಜು ಪುಸ್ತಿಕೆ ಮತ್ತೆ ಅಚ್ಚಾಗುವುದಾದರೆ ಅದಕ್ಕೆ ಇನ್ನಷ್ಟು ಕಳ್ಳರು ಬೇಡ. ರಾಜು ತಲೆಯೆತ್ತಿ ಹಕ್ಕು ಕೇಳುವ ಕಥೆ ಬೇಕು. ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂಬುದು ತಾಣಗಳ ಮೇಲಿನ ಕಾನೂನಿನ ಹೊರೆ. ಹಣ ಕದ್ದವರ ಮೇಲೆ ದೂರಲು 1930 ಸಹಾಯವಾಣಿ, ಸರಕಿನಲ್ಲಿ ಮೋಸ ಮಾಡಿದವರ ಮೇಲೆ ದೂರಲು 1915. ಅದೂ ಸಾಲದಿದ್ದರೆ, ಮಾರಿದವರ ಕಚೇರಿ ಎಲ್ಲೇ ಇರಲಿ, ವಿರಾಜಪೇಟೆಯ ಗಿರಾಕಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಈ ಬಲವನ್ನು ಬಿಟ್ಟು ಬರೀ ಎಚ್ಚರಿಕೆಯನ್ನು ಹಂಚುವ ಸಾಹಿತ್ಯವನ್ನು ನಾವು ಇನ್ನು ಹೊಗಳಬಾರದು. ಕೊಳ್ಳುವವರಿಗೆ ಹೆದರಲು ಕಲಿಸಿದ್ದು ಸಾಕು, ಮಾರುವವರು ಉತ್ತರ ಹೇಳುವುದನ್ನು ಕಲಿಯಲಿ.