ಕಣ್ಣು ಕಾಣದ ಅಂಗಡಿಯಾಕೆ ಮತ್ತು ನಮ್ಮ 'ಅವತಾರ'

ಕಂಪ್ಯೂಟರ್ ಆಟ ಎಂದೊಡನೆ ನಮ್ಮ ಸಂಘದ ತಂದೆತಾಯಂದಿರಲ್ಲಿ ಅನೇಕರಿಗೆ ನೆನಪಾಗುವುದು ಢಂ ಢುಂ ಸದ್ದು ಮತ್ತು ಮುಗಿಯದ ಹೋಂವರ್ಕ್. ಆ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಯಕ್ಷಗಾನದಲ್ಲಿ ವೇಷ ಕಟ್ಟಿದಂತೆ, ಆಡುವವನೇ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವ 'ರೋಲ್ ಪ್ಲೇಯಿಂಗ್' ಎಂಬ ಬಗೆಯ ಆಟಗಳಿವೆ. ಅವುಗಳಲ್ಲಿ ಹಳೆಯದೊಂದನ್ನು, 1985ರಲ್ಲಿ ಆಪಲ್-2 ಕಂಪ್ಯೂಟರಿಗೆ ಬಂದ 'ಅಲ್ಟಿಮಾ 4: ಕ್ವೆಸ್ಟ್ ಆಫ್ ದಿ ಅವತಾರ್' ಎಂಬುದನ್ನು ಬಂಧುಗಳ ಮುಂದಿಡುತ್ತಿದ್ದೇವೆ. ಹೆಸರಿನಲ್ಲೇ ನಮ್ಮ ಮಾತೊಂದು ಸೇರಿಕೊಂಡಿದೆಯಲ್ಲ!

ಇದನ್ನು ರಚಿಸಿದವರು ಅಮೆರಿಕದ ರಿಚರ್ಡ್ ಗ್ಯಾರಿಯಟ್. ಅವರ ಮೊದಲ ಮೂರು ಅಲ್ಟಿಮಾಗಳಲ್ಲಿ ಕೊನೆಗೊಂದು ದುಷ್ಟಶಕ್ತಿ ಇರುತ್ತಿತ್ತು. ದಾರಿಯಲ್ಲಿ ಕದ್ದರೂ ಸರಿಯೇ, ಅದನ್ನು ಮುಗಿಸಿದವನೇ ವೀರ. ನಾಲ್ಕನೆಯದರಲ್ಲಿ ಖಳನೇ ಇಲ್ಲ. ಬ್ರಿಟಾನಿಯಾ ಎಂಬ ನಾಡಿಗೆ ಬೇಕಾಗಿರುವುದು ಮಾದರಿಯಾಗಿ ಬಾಳಿ ತೋರಿಸುವ ಒಬ್ಬ ಮನುಷ್ಯ. ಸಾಧಿಸಬೇಕಾದ ಗುಣಗಳು ಎಂಟು: ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ.

ಆಟದ ಆರಂಭದಲ್ಲಿ ಕಣಿ ಹೇಳುವ ಹೆಂಗಸೊಬ್ಬಳು ಇಕ್ಕಟ್ಟಿನ ಪ್ರಶ್ನೆಗಳನ್ನು ಕೇಳುತ್ತಾಳೆ. ಪ್ರತಿ ಪ್ರಶ್ನೆಯಲ್ಲೂ ಎರಡು ಒಳ್ಳೆಯ ಗುಣಗಳು ಎದುರುಬದುರು, ಒಂದನ್ನು ಬಿಡಲೇಬೇಕು. ನಮ್ಮ ಪಾತ್ರ ಯಾವುದೆಂದು ಉತ್ತರಗಳೇ ನಿರ್ಧರಿಸುತ್ತವೆ. ವಿನಯವನ್ನೇ ಹಿಡಿದುಕೊಂಡವನು ಕುರಿ ಕಾಯುವವನಾಗುತ್ತಾನೆ. ಅವನಿಗೆ ತೋಳ್ಬಲವೂ ಕಡಿಮೆ, ಮಂತ್ರಬಲವೂ ಇಲ್ಲ. ಹೊರಡುವುದೂ ಗರ್ವದಿಂದ ಹಾಳಾದ ಊರಿನ ಬಳಿಯಿಂದ. ವಿನಯ ಅಗ್ಗದ ಸರಕಲ್ಲ ಎಂಬುದನ್ನು ಉಪದೇಶವಿಲ್ಲದೆ ತಿಳಿಸಿದ್ದಾರೆ.

ಇನ್ನು ನಮ್ಮ ಮನಸ್ಸಿನಲ್ಲಿ ನಿಂತ ಸಂಗತಿ. ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವವಳಿಗೆ ಕಣ್ಣು ಕಾಣುವುದಿಲ್ಲ. ಆಕೆ ಬೆಲೆ ಹೇಳುತ್ತಾಳೆ, ಎಷ್ಟು ನಾಣ್ಯ ಕೊಡುತ್ತೇವೆಂದು ನಾವೇ ಒತ್ತಬೇಕು. ಕಡಿಮೆ ಕೊಟ್ಟರೂ ಮೂಲಿಕೆ ಕೈಗೆ ಬರುತ್ತದೆ. ಆಕೆ ತಕರಾರು ತೆಗೆಯುವುದಿಲ್ಲ, ಕಾವಲುಗಾರನೂ ಓಡಿಬರುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ನಮಗೆ ಗೊತ್ತು. ಇಲ್ಲಿ ಮುಚ್ಚಿರುವುದು ಅಂಗಡಿಯಾಕೆಯ ಕಣ್ಣು, ಬೆಕ್ಕು ನಾವು. ಆದರೆ ಆಟ ಅದನ್ನು ಮರೆಯುವುದಿಲ್ಲ; ಎಷ್ಟೋ ಹೊತ್ತಿನ ಮೇಲೆ ಪ್ರಾಮಾಣಿಕತೆಯ ಗುಡಿಯಲ್ಲಿ ಧ್ಯಾನಕ್ಕೆ ಕುಳಿತಾಗ ಬಾಗಿಲು ತೆರೆಯದು. ಗುಂಡು ಹೊಡೆದು ಅಂಕ ಗಳಿಸುವ ನೂರು ಆಟಗಳು ಮರೆತುಹೋದರೂ ಈ ಅಂಗಡಿ ಮರೆಯದಿರುವುದಕ್ಕೆ ಇದೇ ಕಾರಣ.

ಹೊಗಳಿಕೆ ಇಷ್ಟಕ್ಕೇ ನಿಲ್ಲಲಿ. ಗುಣವನ್ನು ಅಂಕಿಯಲ್ಲಿ ಅಳೆಯುವುದು ಈ ಆಟದ ದೊಡ್ಡ ದೌರ್ಬಲ್ಯ. ಭಿಕ್ಷುಕನಿಗೆ ಒಂದೇ ನಾಣ್ಯ ಕೊಟ್ಟರೂ ಕರುಣೆಯ ಲೆಕ್ಕ ಏರುತ್ತದೆ. ಅರಮನೆಯಲ್ಲಿರುವ ಹಾಕ್‌ವಿಂಡ್ ಎಂಬ ಜ್ಞಾನಿ ಯಾವ ಗುಣದಲ್ಲಿ ಎಷ್ಟು ಮುಂದಿದ್ದೇವೆಂದು ಶಾಲೆಯ ಮಾಸ್ತರರಂತೆ ಹೇಳಿಬಿಡುತ್ತಾನೆ. ಲೆಕ್ಕ ಗೊತ್ತಾದ ಮೇಲೆ ದಾನ ದಾನವಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ.

'ಅವತಾರ' ಎಂಬ ಮಾತಿನ ಬಗ್ಗೆಯೂ ನಮಗೆ ತಕರಾರಿದೆ. ನಮ್ಮಲ್ಲಿ ಅವತಾರವೆಂದರೆ ಇಳಿದು ಬರುವುದು. ಭಗವಂತ ಭೂಮಿಗೆ ಬರುತ್ತಾನೆ. ಇಲ್ಲಿ ಮನುಷ್ಯ ಅಭ್ಯಾಸದಿಂದ ಮೆಟ್ಟಿಲೇರಿ ಅವತಾರನಾಗುತ್ತಾನೆ. ನಾವಾದರೆ ಅವನನ್ನು ಸಾಧಕ ಎನ್ನುತ್ತಿದ್ದೆವು. ಆದರೂ, ಕುರ್ಚಿಯಲ್ಲಿ ಕುಳಿತ ಹುಡುಗ ಬೇರೊಂದು ಲೋಕಕ್ಕೆ ಇನ್ನೊಂದು ದೇಹದಲ್ಲಿ ಇಳಿಯುವುದು ನಿಜವೇ. ಆ ಅರ್ಥದಲ್ಲಿ ಮಾತು ಪೂರ್ತಿ ದಾರಿ ತಪ್ಪಿಲ್ಲ.

ಗ್ಯಾರಿಯಟ್ ಅವರ ಹೆಚ್ಚುಗಾರಿಕೆ ಇರುವುದು ಮುಂದಿನ ಆಟಗಳಲ್ಲಿ ಇದೇ ಗುಣಗಳನ್ನು ತಾವೇ ಪ್ರಶ್ನಿಸಿದ್ದರಲ್ಲಿ. 1988ರ ಐದನೆಯ ಅಲ್ಟಿಮಾದಲ್ಲಿ ರಾಜನಿಲ್ಲದ ವೇಳೆ ಬ್ಲ್ಯಾಕ್‌ಥಾರ್ನ್ ಎಂಬವನು ಎಂಟು ಗುಣಗಳನ್ನೂ ಕಾನೂನು ಮಾಡುತ್ತಾನೆ. ಸುಳ್ಳು ಹೇಳಿದವನ ನಾಲಿಗೆ ಹೋಗುತ್ತದೆ. ಧರ್ಮ ದಂಡವಾದರೆ ನಾಡು ನರಕವಾಗುತ್ತದೆ. 1990ರ ಆರನೆಯದರಲ್ಲಿ ರಾಕ್ಷಸರೆಂದುಕೊಂಡು ಕೊಂದವರು ತಮ್ಮದೇ ಧರ್ಮವುಳ್ಳ ಇನ್ನೊಂದು ಜನಾಂಗ ಎಂದು ತಿಳಿಯುತ್ತದೆ. ನಾಲ್ಕನೆಯ ಆಟದಲ್ಲಿ ನಾವು ಅರಸಿಹೋದ ಜ್ಞಾನಗ್ರಂಥವೂ ಅವರದೇ! ಪರದೇಶದಲ್ಲಿ ನಾಲ್ಕು ಬಗೆಯ ಜನರ ನಡುವೆ ಬಾಳುವ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಚಿತ್ರಗಳು ಚುಕ್ಕಿಚುಕ್ಕಿ, ಮಾತೆಲ್ಲ ಕೀಲಿಮಣೆಯಲ್ಲಿ ಒತ್ತಬೇಕು, ಸುಳಿವುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಇಂದಿನ ಮಕ್ಕಳಿಗೆ ತಾಳ್ಮೆ ಸಾಲದಿರಬಹುದು. ಆದರೂ ಒಂದು ಭಾನುವಾರ ಮಕ್ಕಳ ಪಕ್ಕದಲ್ಲಿ ಕುಳಿತು ಆಡಿಸಿ ನೋಡಿ ಎಂದು ನಮ್ಮ ಸಲಹೆ. ಗೆದ್ದೆಯಾ ಎಂದು ಕೇಳಬೇಡಿ. ಅಂಗಡಿಯಲ್ಲಿ ಎಷ್ಟು ಕೊಟ್ಟೆ, ಯಾಕೆ ಎಂದು ಕೇಳಿ. ಮಕ್ಕಳು ತಿರುಗಿ ನಿಮ್ಮನ್ನೂ ಕೇಳಿಯಾರು, ಉತ್ತರ ಸಿದ್ಧವಾಗಿರಲಿ.